ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್: ಗುರುತಿಸಿ, ಬಿಚ್ಚಿ, ಮತ್ತೆ ಕೂಡಿಸುವ ಬಗೆ

ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿ ಮುಂದಿನ ಬ್ರೇಕ್ ಲೀವರ್ ಹಿಡಿದುಕೊಂಡಿದ್ದೀರಿ. ಹಿಡಿತ ಸಡಿಲಿಸಿಲ್ಲ, ಆದರೂ ಲೀವರ್ ಮೆಲ್ಲಮೆಲ್ಲಗೆ ಹ್ಯಾಂಡಲ್ ಕಡೆಗೆ ಜಾರುತ್ತಾ ಹೋಗುತ್ತದೆ. ಬಿಟ್ಟು ಮತ್ತೆ ಹಿಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಲ್ಲೂ ಆಯಿಲ್ ಸೋರಿಲ್ಲ, ಪ್ಯಾಡ್ ಸವೆದಿಲ್ಲ. ಗ್ಯಾರೇಜಿಗೆ ಹೋದರೆ ‘ಏರ್ ಹಿಡಿದಿದೆ’ ಎಂದು ಏರ್ ತೆಗೆದು ಕಳಿಸುತ್ತಾರೆ. ನಾಲ್ಕು ದಿನ ಕಳೆದರೆ ಮತ್ತದೇ ಕಥೆ. ಇಂಥ ಬೈಕಿನಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವುದು ಜೀವದ ಜೊತೆ ಆಟವಾಡಿದಂತೆ. ದೋಷ ಹೆಚ್ಚಾಗಿ ಇರುವುದು ಕೆಳಗೆ ಚಕ್ರದಲ್ಲಲ್ಲ, ಮೇಲೆ ನಿಮ್ಮ ಬಲಗೈ ಬೆರಳುಗಳ ಪಕ್ಕದಲ್ಲೇ ಇರುವ ಮಾಸ್ಟರ್ ಸಿಲಿಂಡರಿನಲ್ಲಿ. ಅದರೊಳಗಿನ ಒಂದು ಚಿಕ್ಕ ರಬ್ಬರ್ ಕಪ್ ಸವೆದಿರುತ್ತದೆ.

ಇದನ್ನು ಮನೆಯಲ್ಲೇ ಸರಿಮಾಡಬಹುದು. ಕೆಲಸ ಕಷ್ಟದ್ದಲ್ಲ, ಆದರೆ ಶುಚಿ ಮತ್ತು ತಾಳ್ಮೆ ಎರಡೂ ಬೇಕು. ಅದಕ್ಕಿಂತ ಮೊದಲು ನಿಮ್ಮ ಬೈಕಿನ ಮೇಲೆ ಕೂತಿರುವ ಸಿಲಿಂಡರ್ ಯಾವುದು ಎಂಬುದು ಖಚಿತವಾಗಬೇಕು. ಈ ರಿಪೇರಿ ಕೆಡುವುದು ಬಿಚ್ಚುವಾಗಲ್ಲ, ಅಂಗಡಿಯಲ್ಲಿ ಬೈಕಿನ ಹೆಸರು ಹೇಳಿ ಕಿಟ್ ತರುವಾಗ.

ಒಳಗೆ ನಡೆಯುವುದೇನು?

1969ರಲ್ಲಿ ಹೋಂಡಾ ಸಿಬಿ750 ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹೊತ್ತು ಬಂದಿತು. ನಮ್ಮ ರಸ್ತೆಗಳಲ್ಲಿ 1999ರ ಹೀರೋ ಹೋಂಡಾ ಸಿಬಿಝಡ್, 2001ರ ಪಲ್ಸರ್ 180 ಬಂದ ಮೇಲೆ ಡಿಸ್ಕ್ ಮನೆಮಾತಾಯಿತು. ಅಂದಿನಿಂದ ಇಂದಿಗೂ ಸಾಮಾನ್ಯ ಬೈಕುಗಳ ಮಾಸ್ಟರ್ ಸಿಲಿಂಡರಿನ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಒಂದು ಅಲ್ಯೂಮಿನಿಯಂ ಕೊಳವೆ, ಅದರೊಳಗೆ ಒಂದು ಪಿಸ್ಟನ್, ಪಿಸ್ಟನ್ನಿನ ಮುಂದೆ ಒಂದು ಕಪ್, ಹಿಂದೆ ಇನ್ನೊಂದು ಕಪ್, ತುದಿಯಲ್ಲಿ ಸ್ಪ್ರಿಂಗ್. ಮೇಲೆ ಆಯಿಲ್ ಡಬ್ಬಿ.

ಡಬ್ಬಿಯ ತಳದಲ್ಲಿ ಎರಡು ತೂತುಗಳಿರುತ್ತವೆ. ದೊಡ್ಡದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಸೂಜಿಮೊನೆಯಷ್ಟು, ಹುಡುಕಿದರೆ ಮಾತ್ರ ಕಾಣುತ್ತದೆ. ಇಡೀ ಬ್ರೇಕಿನ ಆರೋಗ್ಯ ಈ ಸಣ್ಣ ತೂತಿನ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಲೀವರ್ ಬಿಟ್ಟಿರುವಾಗ ಮುಂದಿನ ಕಪ್ಪು ಈ ತೂತಿನ ಹಿಂದೆ ನಿಂತಿರುತ್ತದೆ, ಡಬ್ಬಿಗೂ ಬ್ರೇಕ್ ಲೈನಿಗೂ ದಾರಿ ತೆರೆದಿರುತ್ತದೆ. ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗಿದರೆ ಹೆಚ್ಚಾದದ್ದು ಈ ದಾರಿಯಲ್ಲೇ ಡಬ್ಬಿಗೆ ಮರಳುತ್ತದೆ. ಲೀವರ್ ಹಿಡಿದೊಡನೆ ಕಪ್ಪು ಒಂದು ಕೂದಲೆಳೆಯಷ್ಟು ಮುಂದೆ ಸರಿದು ತೂತನ್ನು ದಾಟುತ್ತದೆ. ದಾರಿ ಮುಚ್ಚಿತು, ಇನ್ನು ಒತ್ತಿದ್ದೆಲ್ಲ ಕ್ಯಾಲಿಪರಿಗೆ.

ಕಪ್ಪಿನ ಅಂಚು ತೆಳ್ಳಗೆ, ಹೊರಕ್ಕೆ ಬಿರಿದುಕೊಂಡಂತೆ ಇರುತ್ತದೆ. ಸೈಕಲ್ ಪಂಪಿನೊಳಗಿನ ವಾಷರ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒತ್ತುವಾಗ ಅಂಚು ಅಗಲಿ ಗೋಡೆಗೆ ಅಂಟುತ್ತದೆ, ಹಿಂದಕ್ಕೆಳೆಯುವಾಗ ಮುದುಡಿ ದಾರಿ ಬಿಡುತ್ತದೆ. ಇಲ್ಲಿಯೂ ಹಾಗೆಯೇ. ಪಿಸ್ಟನ್ ಹಿಂದಕ್ಕೆ ಬರುವಾಗ ದೊಡ್ಡ ತೂತಿನಿಂದ ಇಳಿದ ಆಯಿಲ್ ಕಪ್ಪಿನ ಅಂಚನ್ನು ದಾಟಿ ಮುಂದೆ ತುಂಬಿಕೊಳ್ಳುತ್ತದೆ. ಈ ಅಂಚು ಸವೆದು ಗಟ್ಟಿಯಾದಾಗ ಒತ್ತಡದಲ್ಲಿರುವ ಆಯಿಲ್ ಅದನ್ನು ದಾಟಿ ಹಿಂದಕ್ಕೆ ನುಸುಳಿ ಡಬ್ಬಿಗೇ ಸೇರುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ಲೀವರ್ ಇಳಿಯುವುದು ಇದೇ ಕಾರಣಕ್ಕೆ.

ಹಿಂದಿನ ಕಪ್ಪಿನ ಕೆಲಸ ಬೇರೆ. ಪಿಸ್ಟನ್ನಿನ ಸುತ್ತ ಇರುವ ಆಯಿಲ್ ಲೀವರ್ ಕಡೆಯಿಂದ ಹೊರಗೆ ಬಾರದಂತೆ ಅದು ತಡೆಯುತ್ತದೆ. ಅದು ಸೋತರೆ ಲೀವರ್ ಬುಡದಲ್ಲಿ ಪೇಂಟ್ ಎದ್ದು ಬರುತ್ತದೆ.

ದೋಷ ನಿಜವಾಗಿಯೂ ಇಲ್ಲಿಯೇ ಇದೆಯೇ?

ಸ್ಪ್ಯಾನರ್ ಎತ್ತುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ.

ಲೀವರನ್ನು ಹದವಾಗಿ ಹಿಡಿದು ಒಂದು ನಿಮಿಷ ಹಾಗೇ ಇರಿ. ಜೋರಾಗಿ ಅಮುಕಬೇಡಿ. ಸವೆದ ಕಪ್ಪು ಹೆಚ್ಚಿನ ಒತ್ತಡದಲ್ಲಿ ಗೋಡೆಗೆ ಅಂಟಿಕೊಂಡು ನಿಂತುಬಿಡಬಹುದು, ಮೆಲ್ಲಗೆ ಹಿಡಿದಾಗಲೇ ಅದರ ಬಣ್ಣ ಬಯಲಾಗುವುದು. ಲೀವರ್ ಜಾರುತ್ತಾ ಹೋಗಿ, ಹೊರಗೆಲ್ಲೂ ಆಯಿಲ್ ಇಲ್ಲದಿದ್ದರೆ ಮುಂದಿನ ಕಪ್ಪಿನ ಮೇಲೆ ಅನುಮಾನ ಪಡಿ. ಲೀವರ್ ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗಿ ಹಾಗೇ ನಿಂತರೆ ಅದು ಗಾಳಿ. ಕಿಟ್ ಬೇಡ, ಏರ್ ತೆಗೆದರೆ ಸಾಕು. ಲೀವರ್ ಬುಡದ ರಬ್ಬರ್ ಬೂಟನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಹಿಂದಿನ ಕಪ್ಪು ಹೋಗಿದೆ.

ಡಬ್ಬಿಯಲ್ಲಿ ಆಯಿಲ್ ಇಳಿದಿದೆ ಎಂದೊಡನೆ ಗಾಬರಿಯಾಗಬೇಡಿ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗಿಳಿಯುತ್ತದೆ. ಮೊದಲು ಪ್ಯಾಡ್ ನೋಡಿ.

ಇನ್ನೊಂದು ಕಾಯಿಲೆ ಇದಕ್ಕೆ ತದ್ವಿರುದ್ಧವಾದದ್ದು: ಸ್ವಲ್ಪ ದೂರ ಓಡಿಸಿದ ಮೇಲೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ, ಚಕ್ರ ತಿರುಗುವುದಿಲ್ಲ, ತಣ್ಣಗಾದ ಮೇಲೆ ಬಿಡುತ್ತದೆ. ಇದನ್ನು ಹಿಡಿಯಲು ಒಂದು ಖಚಿತವಾದ ಉಪಾಯವಿದೆ. ಚಕ್ರ ಹಿಡಿದುಕೊಂಡಿರುವಾಗಲೇ, ಮಾಸ್ಟರ್ ಸಿಲಿಂಡರಿಗೆ ಹೋಸ್ ಕೂಡಿಸುವ ಬೋಲ್ಟಿನ ಸುತ್ತ ಬಟ್ಟೆ ಸುತ್ತಿ, ಅದನ್ನು ಒಂದಿಷ್ಟೇ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನದು: ಸಣ್ಣ ತೂತು ಮುಚ್ಚಿದೆ, ಇಲ್ಲವೇ ಲೀವರ್ ಪಿಸ್ಟನ್ನನ್ನು ಪೂರ್ತಿ ಹಿಂದಕ್ಕೆ ಬರಲು ಬಿಡುತ್ತಿಲ್ಲ. ಅಲ್ಲಿ ಬಿಡದೆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದಾಗ ಬಿಟ್ಟರೆ ಹೋಸ್ ಒಳಗೆ ಊದಿಕೊಂಡಿದೆ. ಎರಡರಲ್ಲೂ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ನೇ ಕಚ್ಚಿಕೊಂಡಿದೆ. ಡಿಸ್ಕ್ ಕಾದಿರುತ್ತದೆ, ಕೈ ಜೋಪಾನ. ಈ ಪರೀಕ್ಷೆಯ ನಂತರ ಬೋಲ್ಟ್ ಬಿಗಿದು ಏರ್ ತೆಗೆಯದೆ ಬೈಕ್ ರಸ್ತೆಗಿಳಿಸಬಾರದು.

ಸಿಲಿಂಡರ್ ಯಾವುದು? ಬೈಕಿನ ಹೆಸರು ಸಾಲದು

ಒಂದೇ ಹೆಸರಿನ ಬೈಕಿಗೆ ಕಂಪನಿಗಳು ಬೇರೆ ಬೇರೆ ವರ್ಷಗಳಲ್ಲಿ ಬೇರೆ ತಯಾರಕರ ಬ್ರೇಕ್ ಹಾಕಿರುತ್ತವೆ. ಹಳೆಯ ಬೈಕಾದರೆ ಹಿಂದಿನ ಮಾಲೀಕರು ಗುಜರಿಯಿಂದ ಬೇರೊಂದನ್ನು ತಂದು ಕೂಡಿಸಿರಲೂಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ನೀವು ಕೇಳಿದ ಹೆಸರಿನ ಕಿಟ್ ಕೊಡುತ್ತಾರೆ. ಅದು ನಿಮ್ಮ ಸಿಲಿಂಡರಿನದೇ ಎಂದು ನೋಡಿಕೊಳ್ಳುವ ಹೊಣೆ ನಿಮ್ಮದು. ಹಳೆಯ ಪಿಸ್ಟನ್ನನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ನೋಡಬೇಕಾದವು ಇವು:

1. ಒಳವ್ಯಾಸ. ಸಿಲಿಂಡರಿನ ತಳಭಾಗದಲ್ಲಿ ಎಣ್ಣೆ ಮಣ್ಣು ಒರೆಸಿ ಟಾರ್ಚ್ ಹಿಡಿದು ನೋಡಿ. 11, 1/2, 14, 5/8 ಇಂಥ ಅಂಕೆ ಎರಕದಲ್ಲೇ ಎದ್ದಿರುತ್ತದೆ. 11 ಮತ್ತು 14 ಮಿಲಿಮೀಟರಿನಲ್ಲಿ, ಉಳಿದವು ಇಂಚಿನಲ್ಲಿ: 1/2 ಎಂದರೆ 12.7 ಮಿ.ಮೀ., 5/8 ಎಂದರೆ ಸುಮಾರು 15.9 ಮಿ.ಮೀ. ಬ್ರೆಂಬೊ ಮತ್ತು ಅದರ ಬೈಬ್ರೆ ಸಿಲಿಂಡರುಗಳಲ್ಲಿ ‘ಪಿಎಸ್’ ಅಕ್ಷರಗಳ ಮುಂದೆ ಅಂಕೆ ಇರುತ್ತದೆ. ಎಲ್ಲ ಅಂಕೆಯೂ ವ್ಯಾಸವಲ್ಲ, ಅಚ್ಚಿನ ನಂಬರುಗಳೂ ಇರುತ್ತವೆ. ಮುಚ್ಚಳದ ಮೇಲೆ ಬರೆದಿರುವ ಡಾಟ್ 3, ಡಾಟ್ 4 ಎಂಬುದು ಆಯಿಲ್ ಕುರಿತದ್ದು.

2. ಅಂಕೆ ಅಳಿಸಿದ್ದರೆ ಅಳತೆ. ಬಿಚ್ಚಿದ ಮೇಲೆ ವರ್ನಿಯರ್ ಹಿಡಿದು ಪಿಸ್ಟನ್ನಿನ ಲೋಹದ ಭಾಗ ಅಳೆಯಿರಿ. ಅದು ಒಳವ್ಯಾಸಕ್ಕಿಂತ ಕೂದಲೆಳೆಯಷ್ಟೇ ಕಡಿಮೆ. ಕಪ್ಪಿನ ಅಂಚನ್ನು ಅಳೆದರೆ ಲೆಕ್ಕ ತಪ್ಪುತ್ತದೆ, ಅದು ಯಾವಾಗಲೂ ದೊಡ್ಡದು. ಸಿಲಿಂಡರಿನ ಬಾಯನ್ನು ಅಳೆದರೂ ತಪ್ಪುತ್ತದೆ, ಪಿಸ್ಟನ್ನನ್ನು ತಡೆದು ಹಿಡಿಯುವ ಸರ್ಕ್ಲಿಪ್ ಮತ್ತು ಬೂಟ್ ಕೂರಲು ಅಲ್ಲಿ ಅಗಲ ಮಾಡಿರುತ್ತಾರೆ.

3. ಹೋಸ್ ಬೋಲ್ಟಿನ ತ್ರೆಡ್. ಇಲ್ಲಿ ಬಹಳ ಜನ ಪೆಟ್ಟು ತಿನ್ನುತ್ತಾರೆ. ನಿಸ್ಸಿನ್ ಮುಂತಾದ ಜಪಾನಿ ಮಾದರಿಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಬೋಲ್ಟಿಗೆ 1.25 ತ್ರೆಡ್, ಬ್ರೆಂಬೊ ಬಳಗದಲ್ಲಿ 1.0 ತ್ರೆಡ್. ಕಣ್ಣಿಗೆ ಎರಡೂ ಒಂದೇ. ತಪ್ಪು ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದರೆ ಮೆತ್ತನೆಯ ಅಲ್ಯೂಮಿನಿಯಂ ತ್ರೆಡ್ ಹರಿದು, ಸಿಲಿಂಡರೇ ದಂಡ.

4. ಲೀವರ್ ಕೂರುವ ಜಾಗ, ಬ್ರೇಕ್ ಲೈಟ್ ಸ್ವಿಚ್ಚಿನ ತೂತು, ಕನ್ನಡಿಯ ತ್ರೆಡ್. ಯಮಹಾ ಬೈಕುಗಳಲ್ಲಿ ಬಲಗಡೆ ಕನ್ನಡಿಗೆ ಉಲ್ಟಾ ತ್ರೆಡ್ ಇರುವುದು ಸಾಮಾನ್ಯ. ತಿಳಿಯದೆ ಮಾಮೂಲಿ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವ ಬದಲು ಬಿಗಿಯುತ್ತೀರಿ.

ವ್ಯಾಸದ ಮೇಲೆ ಇಷ್ಟು ಒತ್ತು ಯಾಕೆಂದರೆ, ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬ್ರೇಕಿನ ಗುಣವನ್ನೇ ಬದಲಿಸುತ್ತದೆ. ಲೆಕ್ಕಕ್ಕೆ ಬರುವುದು ವಿಸ್ತೀರ್ಣ. 11 ಮಿ.ಮೀ. ಪಿಸ್ಟನ್ನಿನದು 95 ಚದರ ಮಿ.ಮೀ., 12.7ರದು ಸುಮಾರು 127, 14ರದು 154. ಅರ್ಧ ಇಂಚಿನ ಸಿಲಿಂಡರ್ ತೆಗೆದು 14ರದ್ದು ಹಾಕಿದರೆ ಅದೇ ಒತ್ತಡ ಹುಟ್ಟಿಸಲು ಕೈ ಸುಮಾರು ಶೇ. 21ರಷ್ಟು ಹೆಚ್ಚು ಬಲ ಹಾಕಬೇಕು. ಲೀವರ್ ಮಾತ್ರ ಗಟ್ಟಿಯಾಗಿ, ಕಡಿಮೆ ಚಲಿಸಿ ನಿಲ್ಲುತ್ತದೆ. ‘ದೊಡ್ಡದು ಹಾಕಿಸಿದೆ, ಬ್ರೇಕ್ ಗಟ್ಟಿಯಾಯಿತು’ ಎಂದು ಸಂತೋಷಪಡುವವರು ನಿಲ್ಲಿಸುವ ಶಕ್ತಿ ಕಳೆದುಕೊಂಡಿರುತ್ತಾರೆ. ಲೀವರ್ ಗಟ್ಟಿಯಾಗುವುದೇ ಬೇರೆ, ಬ್ರೇಕ್ ಬಲವಾಗುವುದೇ ಬೇರೆ. ಬೈಕ್ ತಯಾರಿಸಿದವರು ಕ್ಯಾಲಿಪರಿಗೆ ಹೊಂದಿಸಿ ಕೊಟ್ಟ ವ್ಯಾಸವನ್ನು ಬದಲಿಸಬೇಡಿ.

ಬೇಕಾದ ಸಾಮಾನು

ಒಳಗಿನ ಸರ್ಕ್ಲಿಪ್ ತೆಗೆಯುವ ಉದ್ದ ಮೂತಿಯ ಪ್ಲೈಯರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಸರ್ಕ್ಲಿಪ್ ಕೊಳವೆಯ ಬಾಯಿಂದ ಒಳಗೆ ಕೂತಿರುತ್ತದೆ, ಗಿಡ್ಡ ಮೂತಿ ಅಲ್ಲಿಗೆ ಮುಟ್ಟುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೆದಕಿದರೆ ಒಳಗೋಡೆ ಗೀರುತ್ತದೆ. ಉಳಿದಂತೆ ಸ್ಪ್ಯಾನರುಗಳು, ಮುಚ್ಚಳದ ಸ್ಕ್ರೂಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್, ದೊಡ್ಡ ಸಿರಿಂಜ್, ಕ್ಯಾಲಿಪರ್ ನಿಪ್ಪಲಿಗೆ ಹೊಂದುವ ಪಾರದರ್ಶಕ ಪೈಪ್, ಸ್ಪಿರಿಟ್, ನೂಲು ಬಿಡದ ಶುಭ್ರ ಬಟ್ಟೆ, ಟಾರ್ಚ್, ಒಂದು ಬಕೆಟ್ ನೀರು. ಕಿಟ್ ಜೊತೆಗೆ ಹೋಸ್ ಬೋಲ್ಟಿನ ಎರಡು ಹೊಸ ವಾಷರ್ ಕೇಳಿ ತನ್ನಿ. ಕಿಟ್ ಎಂದರೆ ಪಿಸ್ಟನ್, ಕಪ್ಪುಗಳು, ಸ್ಪ್ರಿಂಗ್, ಸರ್ಕ್ಲಿಪ್, ಬೂಟ್ ಎಲ್ಲ ಸೇರಿದ್ದು. ಬರೀ ಕಪ್ಪು ಮಾರುವವರೂ ಇದ್ದಾರೆ, ಪೂರ್ತಿ ಕಿಟ್ಟೇ ಮೇಲು.

ಆಯಿಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಎಲ್ಲರೂ ಬ್ರೇಕ್ ಆಯಿಲ್ ಎಂದೇ ಕರೆದರೂ ಇದು ಇಂಜಿನ್ ಆಯಿಲಿನ ಜಾತಿಯದಲ್ಲ. ಡಾಟ್ 3, 4, 5.1 ಗ್ಲೈಕಾಲ್ ಮೂಲದವು, ಗಾಳಿಯಿಂದ ತೇವ ಹೀರಿಕೊಳ್ಳುತ್ತವೆ. ಡಾಟ್ 4ರ ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇವೇ ಅಂಕೆಗಳು 205 ಮತ್ತು 140. ಘಾಟಿ ಇಳಿಯುವಾಗ ಕಾದ ಕ್ಯಾಲಿಪರಿನಲ್ಲಿ ಆಯಿಲ್ ಕುದಿದರೆ ಆವಿಯ ಗುಳ್ಳೆ ಹುಟ್ಟಿ ಲೀವರ್ ಹ್ಯಾಂಡಲಿಗೆ ಬಡಿಯುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಓಡುವ ಬೈಕುಗಳಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ನಿಯಮ ಮೀರಬಾರದು. ಅಲ್ಯೂಮಿನಿಯಂ ಒಳಗೋಡೆಯನ್ನು ತಿನ್ನುವುದೂ ಇದೇ ತೇವ. ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಹೆಸರು ಹತ್ತಿರವೆಂದು 5.1ರ ಬದಲು 5 ತರಬೇಡಿ. ಕಳೆದ ವರ್ಷ ಒಡೆದಿಟ್ಟ ಬಾಟಲಿ ಬೇಡ, ಸೀಲ್ ಇರುವ ಚಿಕ್ಕ ಬಾಟಲಿ ಕೊಳ್ಳಿ.

ಬಿಚ್ಚುವ ಕ್ರಮ

1. ಪೆಟ್ರೋಲ್ ಟ್ಯಾಂಕ್, ಮಡ್‌ಗಾರ್ಡ್, ಮೀಟರ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಈ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದರೆ ಒರೆಸಿದರೆ ಸಾಲದು, ಕೂಡಲೇ ನೀರು ಸುರಿದು ತೊಳೆಯಿರಿ. ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ.

2. ಮುಚ್ಚಳದ ಸ್ಕ್ರೂ ಹೆಚ್ಚಾಗಿ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ನೆಟ್ಟಗೆ ಇಟ್ಟು ಹಿಡಿಯ ಮೇಲೆ ಸುತ್ತಿಗೆಯಿಂದ ಒಂದೆರಡು ಹಗುರ ಏಟು ಕೊಟ್ಟು, ಆಮೇಲೆ ಒತ್ತಿ ತಿರುಗಿಸಿ. ಮುಚ್ಚಳ ಎತ್ತಿ, ಕೆಳಗಿನ ಮಡಿಕೆ ರಬ್ಬರನ್ನು ತೆಗೆದು, ಸಿರಿಂಜಿನಿಂದ ಆಯಿಲ್ ಹೀರಿಬಿಡಿ.

3. ಲೀವರ್, ಸ್ವಿಚ್ಚಿನ ವೈರ್, ಕನ್ನಡಿ ಬಿಚ್ಚಿ. ವೈರ್ ಕೂರಿಸಿದ ರೀತಿಯ ಫೋಟೋ ಇರಲಿ.

4. ಹೋಸ್ ಬೋಲ್ಟ್ ಬಿಚ್ಚಿ, ಹೋಸಿನ ತುದಿಗೆ ಪ್ಲಾಸ್ಟಿಕ್ ಚೀಲ ಬಿಗಿದು, ತುದಿ ಮೇಲ್ಮುಖವಾಗಿ ಇರುವಂತೆ ಕಟ್ಟಿ. ಹೋಸ್ ಸಡಿಲವಾಗಿರುವಾಗ ಕ್ಯಾಲಿಪರಿನ ಪಿಸ್ಟನ್ನಿಗೆ ಕೈ ಹಚ್ಚಬೇಡಿ.

5. ಹ್ಯಾಂಡಲ್ ಕ್ಲ್ಯಾಂಪಿನ ಎರಡು ಬೋಲ್ಟ್ ತೆಗೆದರೆ ಸಿಲಿಂಡರ್ ಕೈಗೆ ಬರುತ್ತದೆ. ಇನ್ನು ಮುಂದಿನ ಕೆಲಸ ಮೇಜಿನ ಮೇಲೆ, ಬಿಳಿ ಕಾಗದ ಹಾಸಿಕೊಂಡು.

6. ಬೂಟ್ ತೆಗೆಯಿರಿ. ಪಿಸ್ಟನ್ನನ್ನು ಬೆರಳಿನಿಂದ ಸ್ವಲ್ಪ ಒಳಗೆ ಒತ್ತಿ ಹಿಡಿದು ಸರ್ಕ್ಲಿಪ್ ಬಿಡಿಸಿ. ಸ್ಪ್ರಿಂಗ್ ಪಿಸ್ಟನ್ನನ್ನು ಹೊರಗೆ ಎಸೆಯಬಹುದು, ಮುಖ ಅಡ್ಡ ಇಡಬೇಡಿ.

7. ಬಂದ ಕ್ರಮದಲ್ಲೇ ಬಿಡಿಭಾಗಗಳನ್ನು ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಕಪ್ಪಿನ ಬಾಯಿ ಯಾವ ಕಡೆಗಿತ್ತು, ಸ್ಪ್ರಿಂಗಿನ ದೊಡ್ಡ ತುದಿ ಯಾವ ಕಡೆಗಿತ್ತು ಎಂಬುದು ಆ ಚಿತ್ರದಲ್ಲಿ ಕಾಣಬೇಕು.

ಇಟ್ಟುಕೊಳ್ಳುವುದೋ, ಬಿಸಾಡುವುದೋ?

ಹಳೆಯ ಮುಂದಿನ ಕಪ್ಪನ್ನು ಹೊಸದರ ಪಕ್ಕದಲ್ಲಿ ಬೆಳಕಿಗೆ ಹಿಡಿಯಿರಿ. ಹೊಸದರ ಅಂಚು ಬ್ಲೇಡಿನಷ್ಟು ಚೂಪು, ಕಪ್ಪು ಬಣ್ಣ ಮಾಸಲು. ಹಳೆಯದರ ಅಂಚು ಮೊಂಡಾಗಿ, ಸುತ್ತಲೂ ಹೊಳೆಯುವ ಒಂದು ಪಟ್ಟಿ ಬಿದ್ದಿರುತ್ತದೆ. ಎಷ್ಟೋ ಸಲ ಒಂದು ಕಡೆ ಉಗುರಿನ ಗೀರಿನಂಥ ಸಣ್ಣ ಕಚ್ಚು. ಲೀವರ್ ಜಾರುತ್ತಿದ್ದುದು ಅಷ್ಟರಿಂದಲೇ.

ಈಗ ಕೊಳವೆಯೊಳಗೆ ನೋಡಿ. ಸ್ಪಿರಿಟ್ ಹಚ್ಚಿದ ಬಟ್ಟೆಯನ್ನು ಬಿದಿರು ಕಡ್ಡಿಗೆ ಸುತ್ತಿ ಒರೆಸಿ, ಟಾರ್ಚ್ ಬಿಟ್ಟು ತಿರುಗಿಸುತ್ತಾ ಪರೀಕ್ಷಿಸಿ. ಬಾಯ ಹತ್ತಿರ, ಬೂಟಿನ ಅಡಿಯಲ್ಲಿ, ಬಿಳಿ ಪುಡಿ ಕೂತಿರುವುದು ಮಾಮೂಲು. ಕಪ್ಪು ಅಲ್ಲಿಗೆ ಬರುವುದಿಲ್ಲ, ಒರೆಸಿ ತೆಗೆದರೆ ಸಾಕು. ಆದರೆ ಕಪ್ಪುಗಳು ಓಡಾಡುವ ಜಾಗದಲ್ಲಿ ಕುಳಿ ಬಿದ್ದಿದ್ದರೆ, ಉದ್ದಕ್ಕೆ ಗೀರಿದ್ದರೆ, ಬಿದಿರು ಕಡ್ಡಿಯ ತುದಿ ಆಡಿಸಿದಾಗ ಎಲ್ಲಾದರೂ ತಡೆದರೆ, ಆ ಸಿಲಿಂಡರಿನ ಕಾಲ ಮುಗಿಯಿತು. ಹೊಸ ಕಪ್ಪು ಹಾಕಿದರೂ ಆ ಕುಳಿ ಅದನ್ನು ಕೆಲವೇ ದಿನಗಳಲ್ಲಿ ಹರಿಯುತ್ತದೆ.

‘ಎಮ್ರಿ ಪೇಪರ್ ಹಾಕಿ ನುಣುಪು ಮಾಡೋಣ’ ಎನ್ನುವವರ ಮಾತು ಕೇಳಬೇಡಿ. ಅಲ್ಯೂಮಿನಿಯಂ ಒಳಗೋಡೆಗೆ ಗಟ್ಟಿಯಾದ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ಉಜ್ಜಿದರೆ ಮೊದಲು ಹೋಗುವುದೇ ಅದು. ಆಮೇಲೆ ಮೆತ್ತನೆಯ ಲೋಹ ಬೇಗ ಸವೆಯುತ್ತದೆ, ವ್ಯಾಸವೂ ಹೆಚ್ಚಾಗುತ್ತದೆ. ಸವೆದ ಸಿಲಿಂಡರಿಗೆ ಹೊಸದೊಂದೇ ಮದ್ದು.

ಗೋಡೆ ಚೆನ್ನಾಗಿದ್ದರೆ ಸಣ್ಣ ತೂತಿನ ಸರದಿ. ಕೆಲವು ಡಬ್ಬಿಗಳಲ್ಲಿ ಆಯಿಲ್ ಚಿಮ್ಮದಂತೆ ತೂತಿನ ಮೇಲೆ ಒಂದು ತಗಡಿನ ಚೂರು ಕೂರಿಸಿರುತ್ತಾರೆ, ಅದನ್ನು ಎತ್ತಿ ಪಕ್ಕಕ್ಕಿಡಿ. ತಳದಲ್ಲಿ ಕಂದು ಜೆಲ್ಲಿಯಂಥ ಕೆಸರು ಸಿಕ್ಕರೆ ಆಶ್ಚರ್ಯವಿಲ್ಲ. ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆಯನ್ನು ತೂತಿನಲ್ಲಿ ಮೆಲ್ಲಗೆ ಆಡಿಸಿ, ಸಿರಿಂಜಿನಿಂದ ಸ್ಪಿರಿಟ್ ಹಾಯಿಸಿ. ಇನ್ನೊಂದು ಕಡೆ ಕೂದಲಿನಂಥ ಧಾರೆ ಬರಬೇಕು. ಡ್ರಿಲ್ ಬಿಟ್, ಹೊಲಿಗೆ ಸೂಜಿ ಬೇಡ. ತೂತಿನ ಅಂಚು ಎದ್ದರೆ ಪ್ರತಿ ಸಲ ದಾಟುವಾಗಲೂ ಅದು ಕಪ್ಪನ್ನು ಕೊರೆಯುತ್ತದೆ.

ಕೂಡಿಸುವ ಕ್ರಮ

1. ಕೈ ತೊಳೆದುಕೊಳ್ಳಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಮಾಮೂಲಿ ಗ್ರೀಸ್ ಯಾವುದೂ ಈ ರಬ್ಬರಿಗೆ ತಾಗಬಾರದು. ತಾಗಿದರೆ ಅದು ಊದಿಕೊಂಡು ಕೊಳವೆಯಲ್ಲಿ ಕಚ್ಚುತ್ತದೆ. ಗ್ಯಾರೇಜಿನ ಪೆಟ್ರೋಲ್ ತಟ್ಟೆಯಲ್ಲಿ ಎಲ್ಲವನ್ನೂ ತೊಳೆಯುವ ಅಭ್ಯಾಸ ಇಲ್ಲಿ ವಿಷ.

2. ಕಪ್ಪುಗಳನ್ನು ಹೊಸ ಬ್ರೇಕ್ ಆಯಿಲಿನಲ್ಲಿ ನೆನೆಸಿ, ಕೊಳವೆಯೊಳಗೂ ಸವರಿ. ಪಿಸ್ಟನ್ನಿಗೆ ಕಪ್ಪು ಏರಿಸಬೇಕಾದರೆ ಬೆರಳಿನಿಂದಲೇ ಏರಿಸಿ, ಲೋಹದ ಚೂಪು ತಾಗಿಸಬೇಡಿ.

3. ಸ್ಪ್ರಿಂಗಿನ ಎರಡು ತುದಿ ಬೇರೆ ಬೇರೆ ಗಾತ್ರದವಾಗಿದ್ದರೆ ಸಾಮಾನ್ಯವಾಗಿ ದೊಡ್ಡ ತುದಿ ಕೊಳವೆಯ ತಳಕ್ಕೆ, ಚಿಕ್ಕ ತುದಿ ಕಪ್ಪಿನ ಕಡೆಗೆ. ನೀವು ತೆಗೆದ ಫೋಟೋ ನೋಡಿ ಖಾತ್ರಿ ಮಾಡಿಕೊಳ್ಳಿ.

4. ಎರಡೂ ಕಪ್ಪುಗಳ ಬಿರಿದ ಬಾಯಿ ಒಳಕ್ಕೆ, ಅಂದರೆ ಸ್ಪ್ರಿಂಗಿನ ಕಡೆಗೆ ಮುಖ ಮಾಡಿರಬೇಕು. ಉಲ್ಟಾ ಹಾಕಿದರೆ ಒತ್ತಡವೇ ಹುಟ್ಟುವುದಿಲ್ಲ.

5. ಒಳಗೆ ತಳ್ಳುವಾಗ ಅಂಚು ಮಡಚಿಕೊಳ್ಳುವ ಅಪಾಯ ದೊಡ್ಡದು. ಸ್ವಲ್ಪ ಓರೆಯಾಗಿ ಹಿಡಿದು ಅಂಚಿನ ಒಂದು ಬದಿ ಒಳಸೇರಿಸಿ, ಮೆಲ್ಲಗೆ ತಿರುಗಿಸುತ್ತಾ ಉಳಿದದ್ದನ್ನು ಸೇರಿಸಿ. ತಡೆದರೆ ಹೊರಗೆ ತೆಗೆದು ಮತ್ತೆ ಮೊದಲಿನಿಂದ ಮಾಡಿ.

6. ಪಿಸ್ಟನ್ನಿನ ಹಿಂದೆ ವಾಷರ್ ಇದ್ದಿದ್ದರೆ ಅದನ್ನು ಇಟ್ಟು ಸರ್ಕ್ಲಿಪ್ ಕೂರಿಸಿ. ಸರ್ಕ್ಲಿಪ್ಪಿನ ಒಂದು ಮುಖದ ಅಂಚು ಚೂಪು, ಇನ್ನೊಂದರದು ತುಸು ದುಂಡು. ಚೂಪು ಮುಖ ಹೊರಗೆ ಬರಲಿ. ಅದು ತನ್ನ ತೋಡಿನೊಳಗೆ ಸುತ್ತಲೂ ಕೂತಿದೆಯೇ ಎಂದು ತಿರುಗಿಸಿ ನೋಡಿ. ಪಿಸ್ಟನ್ನನ್ನು ಹತ್ತಾರು ಸಲ ಒತ್ತಿ ಬಿಡಿ, ಪ್ರತಿ ಸಲವೂ ಪೂರ್ತಿ ಹಿಂದಕ್ಕೆ ಜಿಗಿಯಬೇಕು.

7. ಬೂಟ್ ಕೂರಿಸಿ. ಲೀವರ್ ಪಿಸ್ಟನ್ನಿಗೆ ತಾಗುವ ತುದಿಗೂ ಲೀವರ್ ಬೋಲ್ಟಿಗೂ ಸಿಲಿಕೋನ್ ಗ್ರೀಸ್ ಚೂರು ಸವರಿ.

8. ಹ್ಯಾಂಡಲಿನ ಮೇಲೆ ಕೂರಿಸುವಾಗ ಕ್ಲ್ಯಾಂಪಿನ ಮೇಲಿನ ಬಾಣ ಅಥವಾ ‘ಅಪ್’ ಗುರುತು ಮೇಲಕ್ಕಿರಲಿ. ಇಂಥ ಕ್ಲ್ಯಾಂಪಿನಲ್ಲಿ ಮೊದಲು ಮೇಲಿನ ಬೋಲ್ಟ್ ಪೂರ್ತಿ ಬಿಗಿದು, ಆಮೇಲೆ ಕೆಳಗಿನದು. ಕೆಳಗೆ ಸ್ವಲ್ಪ ಸಂದು ಉಳಿಯುವುದು ಸರಿಯೇ.

9. ಹೋಸ್ ಬೋಲ್ಟಿಗೆ ಎರಡೂ ಕಡೆ ಹೊಸ ವಾಷರ್. ಬೆರಳಿನಿಂದ ಪೂರ್ತಿ ಹೋದ ಮೇಲೆಯೇ ಸ್ಪ್ಯಾನರ್. ಬಿಗಿತದ ಅಂಕೆ ನಿಮ್ಮ ಬೈಕಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಟಾರ್ಕ್ ರೆಂಚ್ ಸಿಕ್ಕರೆ ಅದನ್ನೇ ಬಳಸಿ.

ಲೀವರ್ ಕೂಡಿಸಿದ ಮೇಲೆ ಒಂದು ವಿಷಯ ಬೆರಳಿಗೆ ತಿಳಿಯಬೇಕು: ಲೀವರ್ ಪಿಸ್ಟನ್ನನ್ನು ಮುಟ್ಟುವ ಮೊದಲು ಒಂದಿಷ್ಟು ಸಡಿಲ ಆಟ. ಈ ಆಟ ಇಲ್ಲದಿದ್ದರೆ ಪಿಸ್ಟನ್ ಸದಾ ಸ್ವಲ್ಪ ಒಳಗೇ ನಿಂತು ಸಣ್ಣ ತೂತನ್ನು ಮುಚ್ಚಿರುತ್ತದೆ. ಬೈಕ್ ಓಡಿ ಆಯಿಲ್ ಹಿಗ್ಗಿದಾಗ ಚಕ್ರ ಹಿಡಿದುಕೊಳ್ಳುತ್ತದೆ. ಬೇರೆ ಕಂಪನಿಯ ಅಂದದ ಲೀವರ್ ಹಾಕಿಸಿದವರು ಇದನ್ನು ಮರೆಯದೆ ನೋಡಬೇಕು.

ಏರ್ ತೆಗೆಯುವುದು

ಒಣಗಿದ ಸಿಲಿಂಡರಿಗೆ ಆಯಿಲ್ ತುಂಬಿ ಲೀವರ್ ಒತ್ತಿದರೆ ಮೊದಮೊದಲು ಏನೂ ಆಗುವುದಿಲ್ಲ. ಹೆದರಬೇಡಿ. ಹೋಸ್ ಕೂಡುವ ಬಾಯಿಗಿಂತ ಡಬ್ಬಿ ಎತ್ತರವಾಗುವಂತೆ ಹ್ಯಾಂಡಲ್ ತಿರುಗಿಸಿ, ಲೀವರನ್ನು ಅರ್ಧ ಇಂಚಿಗಿಂತ ಕಡಿಮೆ ದೂರ, ಮೆಲ್ಲಗೆ, ಮತ್ತೆ ಮತ್ತೆ ಆಡಿಸಿ. ಸಣ್ಣ ತೂತಿನಿಂದ ಗುಳ್ಳೆಗಳು ಎದ್ದು ಬರುತ್ತವೆ. ಡಬ್ಬಿಯ ಮೇಲೆ ಬಟ್ಟೆ ಇರಲಿ, ಒಮ್ಮೊಮ್ಮೆ ಕಾರಂಜಿಯಂತೆ ಚಿಮ್ಮುತ್ತದೆ. ಗುಳ್ಳೆ ನಿಂತ ಮೇಲೆ ಲೀವರ್ ಹಿಡಿದು, ಹೋಸ್ ಬೋಲ್ಟನ್ನು ಬಟ್ಟೆ ಸುತ್ತಿ ಕಾಲು ಸುತ್ತು ಸಡಿಲಿಸಿ, ಬಿಗಿದು, ಆಮೇಲೆ ಲೀವರ್ ಬಿಡಿ. ಅಲ್ಲಿ ಅಡಗಿದ ಗಾಳಿ ಹೀಗೆ ಹೊರಬರುತ್ತದೆ.

ಇನ್ನು ಕ್ಯಾಲಿಪರ್. ನಿಪ್ಪಲಿಗೆ ಪೈಪ್ ಹಾಕಿ ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಲೀವರ್ ಒತ್ತಿ ಹಿಡಿ, ನಿಪ್ಪಲ್ ಸಡಿಲಿಸು, ಲೀವರ್ ಹ್ಯಾಂಡಲಿಗೆ ಬಂದ ಮೇಲೆ ನಿಪ್ಪಲ್ ಬಿಗಿ, ಆಮೇಲೆ ಲೀವರ್ ಬಿಡು. ಈ ಅನುಕ್ರಮ ತಪ್ಪಿದರೆ ಹೊರಹೋದ ಗಾಳಿ ಮರಳಿ ಬರುತ್ತದೆ. ಡಬ್ಬಿ ಎಂದೂ ಬರಿದಾಗಬಾರದು. ಪೈಪಿನಲ್ಲಿ ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುವವರೆಗೆ ಮುಂದುವರಿಸಿ. ಆಗಲೂ ಲೀವರ್ ತುಸು ಮೆತ್ತಗಿದ್ದರೆ ಅದನ್ನು ಹ್ಯಾಂಡಲಿಗೆ ಎಳೆದು ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿ ಮೆಲ್ಲಗೆ ಆಡಿಸಿದಾಗ ಉಳಿದ ಸಣ್ಣ ಗುಳ್ಳೆಗಳು ಮೇಲೆ ಬರುವುದುಂಟು. ಇದು ಏರ್ ತೆಗೆಯುವುದಕ್ಕೆ ಬದಲಿಯಲ್ಲ, ಕೊನೆಯ ಸಹಾಯ ಮಾತ್ರ.

ಎಬಿಎಸ್ ಇರುವ ಬೈಕಾದರೆ

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಮಾಸ್ಟರ್ ಸಿಲಿಂಡರಿನ ಒಳಗಿನ ಕೆಲಸ ಅಲ್ಲಿಯೂ ಇದೇ. ಆದರೆ ಆಯಿಲ್ ಎಬಿಎಸ್ ಘಟಕವನ್ನು ಹಾದು ಹೋಗುವುದರಿಂದ, ಅದರೊಳಗೆ ಗಾಳಿ ಹೊಕ್ಕರೆ ಬರೀ ಲೀವರ್ ಆಡಿಸಿ ತೆಗೆಯುವುದು ಕಷ್ಟ. ಕೆಲವು ಬೈಕುಗಳಿಗೆ ಸರ್ವಿಸ್ ಸೆಂಟರಿನ ಯಂತ್ರವೇ ಬೇಕಾಗುತ್ತದೆ. ಆದ್ದರಿಂದ ಹೋಸ್ ತುದಿ ಕೆಳಗೆ ಜೋತುಬಿದ್ದು ಖಾಲಿಯಾಗದಂತೆ ಕಟ್ಟುವುದು ಇಲ್ಲಿ ಇನ್ನೂ ಮುಖ್ಯ. ಘಟಕದ ಬೋಲ್ಟುಗಳಿಗೆ ಕೈಹಾಕಬೇಡಿ. ಏರ್ ತೆಗೆದ ಮೇಲೂ ಲೀವರ್ ಗಟ್ಟಿಯಾಗದಿದ್ದರೆ ಬೈಕನ್ನು ಓಡಿಸಿಕೊಂಡು ಹೋಗದೆ, ವಾಹನದಲ್ಲಿ ಹೇರಿಸಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹೆಚ್ಚಾಗಿ ಆಗುವ ತಪ್ಪುಗಳು

ಡಬ್ಬಿಯನ್ನು ಕಂಠಪೂರ್ತಿ ತುಂಬುವುದು ಮೊದಲನೆಯದು. ಹಿಗ್ಗಿದ ಆಯಿಲಿಗೆ ಜಾಗ ಬೇಕು. ಒಳಗಿನ ಮೇಲ್ಗುರುತಿಗೆ ನಿಲ್ಲಿಸಿ. ಸವೆದ ಪ್ಯಾಡ್ ಇಟ್ಟುಕೊಂಡು ಮೇಲ್ಗುರುತಿನವರೆಗೆ ತುಂಬಿದರೆ, ನಾಳೆ ಹೊಸ ಪ್ಯಾಡ್ ಹಾಕುವಾಗ ಅದು ಉಕ್ಕಿ ಟ್ಯಾಂಕಿನ ಮೇಲೆ ಹರಿಯುತ್ತದೆ. ಮಡಿಕೆ ರಬ್ಬರನ್ನು ತಲೆಕೆಳಗಾಗಿ ಅಥವಾ ಅಂಚು ಮಡಚಿ ಕೂರಿಸುವುದು ಇನ್ನೊಂದು, ಮಳೆನೀರು ಒಳಗಿಳಿಯಲು ಅಷ್ಟು ಸಾಕು. ಹಳೆಯ ವಾಷರನ್ನೇ ಹಾಕಿ, ಸೋರಿದಾಗ ಬೋಲ್ಟನ್ನು ಇನ್ನಷ್ಟು ಬಿಗಿದು ಮುರಿದುಕೊಳ್ಳುವವರಿದ್ದಾರೆ. ಒಳಗೆ ರಂಧ್ರವಿರುವ ಬೋಲ್ಟ್ ಅದು, ತಡೆಯುವುದಿಲ್ಲ. ಕೆಲಸದ ಕೊನೆಗೆ ಬ್ರೇಕ್ ಲೈಟ್ ಉರಿಯುತ್ತಿದೆಯೇ ಎಂದು ನೋಡಲು ಮರೆಯುವುದಂತೂ ತೀರಾ ಸಾಮಾನ್ಯ. ನೀವು ನಿಲ್ಲಿಸುವುದು ಹಿಂದಿನವರಿಗೆ ತಿಳಿಯಬೇಕಲ್ಲವೇ?

ರಸ್ತೆಗಿಳಿಸುವ ಮೊದಲು

ನಿಂತಲ್ಲೇ ಲೀವರನ್ನು ಬಲವಾಗಿ ಒಂದು ನಿಮಿಷ ಹಿಡಿಯಿರಿ, ಆಮೇಲೆ ಹದವಾಗಿ ಇನ್ನೊಂದು ನಿಮಿಷ. ಎರಡರಲ್ಲೂ ಅಲುಗಬಾರದು. ಮುಂದಿನ ಚಕ್ರ ಎತ್ತಿ ತಿರುಗಿಸಿ, ಲೀವರ್ ಬಿಟ್ಟೊಡನೆ ಅದು ಸಲೀಸಾಗಿ ತಿರುಗಬೇಕು. ಹೋಸ್ ಬೋಲ್ಟ್, ನಿಪ್ಪಲ್, ಬೂಟ್ ಮೂರು ಕಡೆ ಒಣ ಬಟ್ಟೆ ಒತ್ತಿ ನೋಡಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಸಿಕ್ಕಿಕೊಳ್ಳಬಾರದು.

ಮೊದಲ ಓಟ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ. ಹತ್ತಾರು ಸಲ ಹಿಡಿದು ಬಿಟ್ಟು ನೋಡಿ. ಆಮೇಲೆ ಸ್ವಲ್ಪ ದೂರ ಓಡಿಸಿ ಬ್ರೇಕ್ ಬಿಸಿಯಾದ ಮೇಲೆ ಮತ್ತೆ ಚಕ್ರ ಎತ್ತಿ ತಿರುಗಿಸಿ. ಸಣ್ಣ ತೂತು ತೆರೆದಿದೆಯೋ ಇಲ್ಲವೋ ಎಂಬುದು ಈ ಬಿಸಿಯಲ್ಲೇ ಗೊತ್ತಾಗುವುದು. ಒಂದು ವಾರ ದಿನವೂ ಬೆಳಿಗ್ಗೆ ಡಬ್ಬಿಯ ಗಾಜುಕಿಂಡಿಯಲ್ಲಿ ಮಟ್ಟ ನೋಡಿ, ಬೂಟಿನ ಅಂಚನ್ನು ಬೆರಳಿನಿಂದ ಮುಟ್ಟಿ ಒದ್ದೆಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ತೆಗೆದ ಹಳೆಯ ಆಯಿಲನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯದೆ, ಬಾಟಲಿಗೆ ತುಂಬಿ ಹೆಸರು ಬರೆದು, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮಕ್ಕಳ ಕೈಗೆ ಸಿಗದಂತೆ ಇಡಿ, ಅದು ವಿಷ.